ಗಿಣ್ಣದ ಬಣ್ಣದ ಕಂಪನಿ ಪೇಂಟು

ಈ ಪ್ರಬಂಧವನ್ನು ನಾನು ಬಾಯಿ ಮುಚ್ಚಿಕೊಂಡು ಬರೆಯುತ್ತಿದ್ದೇನೆ. ಎಲ್ಲರೂ ಬಾಯಿ ಮುಚ್ಚಿಕೊಂಡೇ ಬರೆಯುತ್ತಾರಲ್ಲ, ಇದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ಕೇಳಿ, ಪ್ರಶ್ನೆ ಕೇಳುವವರೆಂದರೆ ನನಗೆ ಪ್ರೀತಿ. ಆದರೆ ನನ್ನದು ಬರೆದು ಮುಗಿದ ಮೇಲೂ ಮುಚ್ಚಿಯೇ ಇರಬೇಕಾದ ಬಾಯಿ. ಇವತ್ತು ಶ್ರಾವಣದ ಒಂಬತ್ತನೆಯ ದಿನ. ಇನ್ನು ಇಪ್ಪತ್ತೊಂದು ದಿನ ನಾನು ಯಾರೊಡನೆಯೂ ಒಂದು ಮಾತೂ ಆಡುವಂತಿಲ್ಲ. ಹರಕೆ ಹೊತ್ತಿಲ್ಲ, ಗಂಟಲು ಕಟ್ಟಿಲ್ಲ. ಒಂದು ಹಳೆಯ ಕಾರಿಗೆ ಬಣ್ಣ ಹೊಡೆಸಿದೆ, ಅದರ ಫಲ.

ನನ್ನನ್ನು ಬಲ್ಲವರಿಗೆ ಈ ಶಿಕ್ಷೆಯ ಭಾರ ಗೊತ್ತು. ಗಡಿಯ ಮರಾಠಿ ಸೀಮೆಗೆ ಸೇರಿದ ಜತ್ತಿನ ಕಾಲೇಜಿನಲ್ಲಿ ಓದುವಾಗ ಮರಾಠಿ ವಾದವಿವಾದ ಸ್ಪರ್ಧೆ ಎಲ್ಲಿ ನಡೆದರೂ ನಾನು ಅಲ್ಲಿದ್ದೆ. ಪರ ಅಂದರೆ ಪರ, ವಿರೋಧ ಅಂದರೆ ವಿರೋಧ. ಒಮ್ಮೆ ಎದುರಾಳಿಯ ಬಸ್ಸು ಕೆಟ್ಟು ಅವನು ಬಾರದೇ ಹೋದಾಗ ಎರಡೂ ಕಡೆ ನಾನೇ ಮಾತಾಡಿ, ಮೊದಲನೆಯ ಬಹುಮಾನವನ್ನೂ ಎರಡನೆಯದನ್ನೂ ಒಂದೇ ಚೀಲದಲ್ಲಿ ನಮ್ಮೂರು ಸೊರಡಿಗೆ ತಂದಿದ್ದೆ. ಊರಲ್ಲಿ ನನಗೆ 'ವಕೀಲಬಾಯಿ' ಎಂಬ ಹೆಸರಿದೆ. ಅದು ಹೊಗಳಿಕೆ ಎಂದು ನಾನು ಬಹಳ ಕಾಲ ನಂಬಿದ್ದೆ.

ನಮ್ಮ ಹಳೆಯ ತಾರ್ಕಿಕರು ಮಾತಿನ ಜಗಳದಲ್ಲಿ ಮೂರು ಬಗೆ ಹೇಳಿದ್ದಾರೆ. ಸತ್ಯ ತಿಳಿಯಲೆಂದು ಆಡುವುದು ವಾದ. ಗೆಲ್ಲಲೆಂದು ಆಡುವುದು ಜಲ್ಪ. ತನ್ನದು ಅಂತ ಏನೂ ಇಲ್ಲದೆ ಎದುರಿನವರದನ್ನು ಕೆಡವಲೆಂದೇ ಆಡುವುದು ವಿತಂಡ. ನಮ್ಮ ಮನೆಯಲ್ಲಿ ಬೆಳಗಿನ ಚಹಾಕ್ಕೆ ವಾದ, ಮಧ್ಯಾಹ್ನದ ರೊಟ್ಟಿಗೆ ಜಲ್ಪ, ಸಂಜೆ ಕಟ್ಟೆಯ ಮೇಲೆ ಕುಳಿತಾಗ ಶುದ್ಧ ವಿತಂಡ. ಎದುರಾಳಿ ಒಬ್ಬನೇ: ನನ್ನ ತಂದೆಯ ತಮ್ಮ, ಮಲ್ಲುಕಾಕಾ. ವಿಷಯವೂ ಹೆಚ್ಚಾಗಿ ಒಂದೇ: ಕಾರು.

ಕಾರು ನಮ್ಮ ಮುತ್ಯಾನದು, ಅಂದರೆ ಅಜ್ಜನದು. ಸೊರಡಿಗೆ ಬಂದ ಮೊದಲ ಕಾರು ಎಂದು ಕಾಕಾ ಹೇಳುತ್ತಾನೆ, ಎರಡನೆಯದು ಎಂದು ಎದುರುಮನೆಯವರು ಹೇಳುತ್ತಾರೆ. ಗುಂಡು ಬೆನ್ನು, ಗುಂಡು ಕಣ್ಣು, ಉಂಡು ಮಲಗಿದವರ ಹಾಗೆ ಒಂದು ಹೊಟ್ಟೆ. ಕಂಪನಿಯ ಹೆಸರು ಬೇಡ. ಮುಂದೆ ಆ ಕಂಪನಿಯ ಕೈಗೆಲಸದ ಬಗ್ಗೆ ಒಂದೆರಡು ಕೊಂಕು ಆಡಲಿದ್ದೇನೆ, ಪಾಪ, ಉತ್ತರ ಕೊಡಲು ಅವರು ಇಲ್ಲಿಲ್ಲ. ಮುತ್ಯಾ ತೀರಿಕೊಂಡ ಮೇಲೆ ಕಾರು ಕಾಕಾನ ಪಾಲಿಗೆ ಬಂತು. ಜೊತೆಗೆ ಒಂದು ವಾಕ್ಯವೂ ಬಂತು.

"ಒಂದು ಬ್ರಶ್ ಹತ್ತಿಲ್ಲ ಇದಕ್ಕ. ಫ್ಯಾಕ್ಟರಿಯಿಂದ ಹ್ಯಾಂಗ ಬಂತೋ ಹಂಗ ಐತಿ. ಕಂಪನಿ ಪೇಂಟು!"

ಈ ವಾಕ್ಯವನ್ನು ಕಾಕಾ ಬೀಗರಿಗೆ ಹೇಳಿದ್ದಾನೆ, ಹಾಲಿನವನಿಗೆ ಹೇಳಿದ್ದಾನೆ, ಜನಗಣತಿಗೆ ಬಂದ ಮಾಸ್ತರರನ್ನು ಕೂರಿಸಿಕೊಂಡು ಹೇಳಿದ್ದಾನೆ. ಬಣ್ಣ ಮಾತ್ರ ಈಚೆಗೆ ಬಿರುಕು ಬಿಟ್ಟು ಹಪ್ಪಳದ ಹಾಗೆ ಏಳುತ್ತಿತ್ತು. ಉದುರಿದ ಚೂರುಗಳನ್ನು ಕಾಕಾ ಆಯ್ದು ಒಂದು ಕಡ್ಡಿಪೆಟ್ಟಿಗೆಯಲ್ಲಿ ಇಡುತ್ತಿದ್ದ. ಜನ ದೇವರ ಅಂಗಾರ ಇಡುವ ಹಾಗೆ. ಬಾನೆಟ್ಟಿನ ನಡುವೆ ಮೂರು ಅಡ್ಡ ಗೆರೆಗಳಿದ್ದವು. ಕಣ್ಣಿಗೆ ಅಷ್ಟಾಗಿ ಕಾಣುತ್ತಿರಲಿಲ್ಲ, ಬೆರಳಾಡಿಸಿದರೆ ತಟ್ಟುತ್ತಿದ್ದವು. ದಸರೆಗೆ ದಸರೆಗೆ ಮೂರು ಬೆರಳಲ್ಲಿ ವಿಭೂತಿ ಎಳೆದೂ ಎಳೆದೂ ಬಣ್ಣ ಸವೆದದ್ದು ಎಂದು ಕಾಕಾ ಹೇಳುತ್ತಿದ್ದ. ನಾನು ಜಗಳ ತೆಗೆಯದೆ ಒಪ್ಪಿಕೊಂಡ ಬೆರಳೆಣಿಕೆಯ ಸಂಗತಿಗಳಲ್ಲಿ ಅದೂ ಒಂದು.

ಈ ಬೇಸಿಗೆಯ ಕೊನೆಗೆ ಬಾನೆಟ್ಟಿನ ತುದಿಯಲ್ಲಿ ತುಕ್ಕು ಕಂಡಿತು. ನಾನು ಹೇಳಿದೆ:

"ಕಾಕಾ, ಬಣ್ಣಾ ಹೊಡಸೂಣು. ಕಂಪನಿದು ಹ್ಯಾಂಗಿತ್ತೋ ಹಂಗ."

"ಅದರಂಗ ಅಂದ್ರ ಅದಲ್ಲ."

"ಫರಕ ಯಾರಿಗೂ ಗೊತ್ತಾಗಲಿಲ್ಲಂದ್ರ?"

"ನನಗ ಗೊತ್ತಾಗ್ತದಲ್ಲ."

"ನಿನಗೂ ಗೊತ್ತಾಗಲಿಲ್ಲಂದ್ರ?"

"ನನಗ?" ಕಾಕಾ ಎದೆ ಮುಟ್ಟಿಕೊಂಡ. "ನಿಮ್ಮಪ್ಪಗ ಗೊತ್ತಾಗಾಕಿಲ್ಲ ಅನ್ನು, ಒಪ್ತೀನಿ. ಅಂವ ಸ್ಕೂಟರ್ ಮನಷ್ಯಾ. ಕಂಪನಿ ಪೇಂಟು ಕತ್ತಲಾಗ ಮೂಸಿ ಹೇಳ್ತೀನಿ ನಾ."

ನನ್ನ ಸಿದ್ಧಾಂತ ಸರಳ: ಯಾರ ಕಣ್ಣಿಗೂ, ಯಾರ ಬೆರಳಿಗೂ ಸಿಗದ ವ್ಯತ್ಯಾಸ ಇದೆ ಎಂದು ಹೇಳುವುದು ಇಲ್ಲ ಎಂದು ಹೇಳುವುದಕ್ಕೇ ಸಮ. ಕಾಕಾನದು ಇನ್ನೂ ಸರಳ: ಕಂಪನಿದು ಕಂಪನಿದು. ಮೂರು ದಿನ ಈ ಎರಡು ಸಿದ್ಧಾಂತಗಳು ರೊಟ್ಟಿಯ ಬುಟ್ಟಿಯ ಮೇಲೆ ಹಾದುಹೋದವು. ಕೊನೆಗೆ ನಮ್ಮ ಆಯಿ, ಅಂದರೆ ಅಜ್ಜಿ, "ಪೈಜಾ ಕಟ್ಟರಿ, ನನ್ನ ಕಿವಿ ಬಿಡ್ರಿ" ಅಂದಳು.

ಪೈಜು, ಅಂದರೆ ಪಣ, ಹೀಗೆ ನಿಂತಿತು. ಮಿರಜದಲ್ಲಿ ದೇಶಪಾಂಡೆ ಸರ್ ಅಂತ ಕಾಕಾನ ಪರಿಚಯದವರಿದ್ದಾರೆ. ನಮ್ಮ ಕಾರಿನಂಥದೇ ಒಂದು ಅವರ ಬಳಿಯೂ ಇದೆ. ಹಳೆಯ ಕಾರುಗಳ ಮೇಳ ನಡೆದರೆ ತೀರ್ಪು ಹೇಳಲು ಅವರನ್ನೇ ಕರೆಯುತ್ತಾರೆ. ಕರವಸ್ತ್ರದಲ್ಲಿ ಸುತ್ತಿದ ಒಂದು ಅಯಸ್ಕಾಂತ ಸದಾ ಅವರ ಕಿಸೆಯಲ್ಲಿರುತ್ತದೆ: ಬಣ್ಣದ ಕೆಳಗೆ ಲಾಂಬಿ, ಅಂದರೆ ಪುಟ್ಟಿ, ತುಂಬಿ ತಗ್ಗು ಮುಚ್ಚಿದ್ದರೆ ಅದು ಅಲ್ಲಿ ಅಂಟುವುದಿಲ್ಲ, ಕಳ್ಳತನ ಸಿಕ್ಕಿಬೀಳುತ್ತದೆ. ಆಷಾಢದ ಕೊನೆಗೆ ಜತ್ತಿಗೆ ಒಂದು ಕಾರ್ಯಕ್ಕೆ ಬರುವವರು ನಮ್ಮ ಮನೆಗೂ ಬರುವುದಾಗಿ ಹೇಳಿದ್ದರು. ಅವರಿಗೆ ಮೊದಲೇ ಏನೂ ಹೇಳುವಂತಿಲ್ಲ. ನೋಡಿ 'ಕಂಪನಿ ಪೇಂಟು' ಅಂದರೆ, ಇಷ್ಟು ವರ್ಷ ಕಾಕಾ ಯಾರಿಗೂ ಮುಟ್ಟಗೊಡದ ಸ್ಟೇರಿಂಗ್ ನನ್ನ ಕೈಗೆ. 'ಮತ್ತೆ ಹೊಡೆಸಿದ್ದು' ಅಂದರೆ, ಇಡೀ ಶ್ರಾವಣ ನನ್ನ ಬಾಯಿಗೆ ಬೀಗ.

"ಒಂದು ತಿಂಗಳಾ!" ಆಯಿಯ ಮುಖ ಅರಳಿತು. "ದೇಶಪಾಂಡೆ ಮಾಸ್ತರಗ ದೇವರು ಚಲೋ ಕಣ್ಣು ಕೊಡ್ಲಿ."

ಈಗ ಮೊದಲ ಪ್ರಶ್ನೆ: ಬಣ್ಣ ಯಾವುದು? ಕನ್ನಡದಲ್ಲಿ ಬಣ್ಣಗಳಿಗೆ ಹೆಸರು ಕಡಿಮೆ ಎಂದು ಗೊಣಗುವವರು ನಮ್ಮ ಅಡಿಗೆಮನೆಗೆ ಬರಬೇಕು. ಕಾಕಾ 'ಕೆನಿ' ಅಂದ. ಅವ್ವ 'ಬಿಳಿಜೋಳದ ಹಿಟ್ಟು' ಅಂದಳು. ಅಪ್ಪ 'ಬಿಳೇದ ಅಲ್ಲೇನು?' ಅಂದು ಎಲ್ಲರಿಂದ ಬೈಸಿಕೊಂಡ. ಆಯಿ ಒಂದೇ ಮಾತಿನಲ್ಲಿ ಮುಗಿಸಿದಳು: "ಗಿಣ್ಣ. ಎರಡನೇ ದಿನದ ಹಾಲಿಂದು. ಮೊದಲನೇ ದಿನದ್ದು ಹಳದಿ ಆಗ್ತದ, ಮೂರನೇದು ಬಿಳೀದು." ಈದ ಎಮ್ಮೆಯ ಹಾಲನ್ನು ದಿನದಿನವೂ ಕಾಸಿ ನೋಡಿದವಳು ಮಾತ್ರ ಕೊಡಬಹುದಾದ ಸಾಕ್ಷ್ಯ ಅದು. ನಾನು ಅದನ್ನು ದಾಖಲು ಮಾಡಿಕೊಂಡೆ.

ಬಣ್ಣ ಹೊಡೆಯಲು ಡಫಳಾಪುರದಿಂದ ದಸ್ತಗೀರ ಮಾಮಾ ಬಂದರು. ಅವರ ತಂದೆಯೂ ಇದೇ ಕೆಲಸದವರು. ನಮ್ಮ ಕಡೆಯ ಟ್ರ್ಯಾಕ್ಟರು, ಟ್ರಾಲಿಗಳು ಎರಡು ತಲೆಮಾರು ಇವರ ಮನೆಯಲ್ಲೇ ಸ್ನಾನ ಮುಗಿಸಿ ಅಲಂಕಾರ ಮಾಡಿಕೊಂಡಿವೆ. ಮಾಮಾ ನಮಗೆ ನಮಸ್ಕಾರ ಹೇಳುವ ಮೊದಲು ಕಾರಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟು, "ಹ್ಯಾಂಗದೀಯವ್ವಾ? ಭಾಳ ದಿನಾ ಆತು," ಅಂದರು. ಕಲಾವಿದರು ಹೀಗೇ ಎಂದುಕೊಂಡೆ. ಅವರು ಮೂರು ಗೆರೆಗಳ ಮೇಲೆ ಬೆರಳಾಡಿಸಿ 'ಹುಂ' ಅಂದರು. ಕಡ್ಡಿಪೆಟ್ಟಿಗೆ ತೆರೆದು ಒಂದು ಚೂರಿನ ಅಂಚನ್ನು ಬಿಸಿಲಿಗೆ ಹಿಡಿದು ಮತ್ತೊಮ್ಮೆ 'ಹುಂ' ಅಂದರು. ಪೆಟ್ಟಿಗೆಯನ್ನು ಮುಚ್ಚಿ ತಮ್ಮ ಕಿಸೆಗೆ ಹಾಕಿಕೊಂಡರು. "ಸ್ಯಾಂಪಲ್ ಬೇಕಲ್ಲ," ಅಂದರು. ನನಗೆ ಅದೂ ಸರಿಯೆನಿಸಿತು.

ಬಾಗಿಲಿನ ಒಳಗಿನ ರಟ್ಟು ಬಿಚ್ಚಿದಾಗ ಅಡಿಯಲ್ಲಿ ಬಿಸಿಲು ಕಾಣದ ಬಣ್ಣ ಸಿಕ್ಕಿತು. ಹೊರಗಿನದಕ್ಕಿಂತ ಒಂದು ಕೂದಲೆಳೆ ತಿಳಿ. ಬಿಸಿಲಿಗೆ ಹೊರಗಿನ ಬಣ್ಣ ಕಂದಿದೆ ಎಂದೆ ನಾನು, ಪಾಂಡಿತ್ಯದಿಂದ. ಬಿಸಿಲಿಗೆ ಬಣ್ಣ ತಿಳಿಯಾಗಬೇಕೇ ಹೊರತು ಗಾಢವಾಗುವುದೇಕೆ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದವಳೇ ಉತ್ತರ ಹೇಳುತ್ತಿದ್ದಳಲ್ಲ! ಮಾಮಾ ಮಾತ್ರ "ಒಳಗಿಂದೇ ಹಿಡಿಯೂಣು. ಅದು ಖರೇದು," ಅಂದು ಡಬ್ಬಿಗಳನ್ನು ತೆರೆದರು. ಬಿಳಿಗೆ ಹಳದಿ, ಅದಕ್ಕೆ ಒಂದು ಚೂರು ಕೆಂಪು, ಕೊನೆಗೆ ಕಡ್ಡಿಯ ತುದಿಯಿಂದ ಕರಿ: ಒಂದು ಹನಿ, ಎರಡು ಹನಿ. ಮೂರನೆಯದು ಕಡ್ಡಿಯ ತುದಿಯಲ್ಲಿ ತೂಗಾಡುತ್ತಿದ್ದಾಗ ಮಾಮಾ ಉಸಿರು ಬಿಗಿಹಿಡಿದು ಅದನ್ನು ಮೆಲ್ಲಗೆ ಹೊರಗೆ ಒರೆಸಿದರು. ಹೆಬ್ಬೆರಳಿನ ಉಗುರಿಗೆ ಬಣ್ಣ ಹಚ್ಚಿಕೊಂಡು, ಬೇವಿನ ನೆರಳಿಗೆ ಹೋಗಿ, ಬಾಗಿಲಿನ ಪಕ್ಕ ಹಿಡಿದರು. ಉಗುರು ಮಾಯವಾಯಿತು! ಸಾಂಗ್ಲಿಯ ಅಂಗಡಿಯಲ್ಲಿ ಕಂಪ್ಯೂಟರಿಗೆ ತೋರಿಸಿ ಬಣ್ಣ ಕೂಡಿಸಿಕೊಂಡು ಬರೋಣ ಎಂದು ಹಿಂದಿನ ದಿನವಷ್ಟೇ ವಾದಿಸಿದ್ದ ನಾನು ಆ ಉಗುರನ್ನು ನೋಡಿ ಕುಣಿದೆ. ಒಂದೇ ಸಲಕ್ಕೆ ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆ ಕುಣಿಯುವವರಿಗೆ ಹೊಳೆಯುವುದಿಲ್ಲ.

ನಿಜವಾದ ಯುದ್ಧ ಆಮೇಲೆ. ಡಿಕ್ಕಿಯ ಮುಚ್ಚಳದ ಒಳಮೈಯಲ್ಲಿ ಕಂಪನಿಯ ಕೈ ಸ್ಪಷ್ಟವಾಗಿ ಕಾಣುತ್ತಿತ್ತು. ಅದು ಕನ್ನಡಿಯ ಹಾಗೆ ನುಣುಪಿರಲಿಲ್ಲ. ಮೋಸಂಬಿಯ ಸಿಪ್ಪೆಯ ಹಾಗೆ ಸಣ್ಣಸಣ್ಣ ಗುಳಿ. ಮೂಲೆಯಲ್ಲಿ ಬಣ್ಣ ಇಳಿದು ಒಂದು ಹನಿ ಹೆಪ್ಪುಗಟ್ಟಿತ್ತು. ಹೊರಮೈ ಮಾತ್ರ ನುಣುಪು. ಕಾಕಾ ನಾಲ್ವತ್ತು ವರ್ಷ ಬಟ್ಟೆಯಿಂದ ತಿಕ್ಕಿ ನುಣುಪಾಗಿದೆ ಎಂದ, ನಾನು ಅದಕ್ಕೂ ತಲೆಯಾಡಿಸಿದೆ. ನನ್ನ ತಲೆ ಆಡುವುದೇ ಅಪರೂಪ. ಆ ವಾರ ಮಾತ್ರ ಕೋಲೆಬಸವನದರಂತೆ ಆಡಿತು.

"ಮಾಮಾ, ಕಂಪನಿಯವರು ಹೊಡದಂಗ ಅಂದ್ರ ಈ ಗುಳಿನೂ ಬರಬೇಕರಿ. ಆ ಹನಿನೂ," ಅಂದೆ.

ಮಾಮಾ ಸ್ಪ್ರೇ ಗನ್ನು ಕೆಳಗಿಟ್ಟರು. "ಬೇಟಾ, ಕೆಟ್ಟ ಹೊಡಿ ಅಂತೀ?"

"ಕೆಟ್ಟ ಅಲ್ಲರಿ, ಅವರಂಗ."

"ಅವರು ಕೆಟ್ಟ ಹೊಡದಾರ. ದಿನಕ್ಕ ಎಷ್ಟು ಗಾಡಿ ಹೊಡಿತಿದ್ರೋ, ಗಡಿಬಿಡಿ. ನಮ್ಮಪ್ಪ ಇಂಥಾದ್ದು ನೋಡಿದ್ರ ಕೆನ್ನಿ ಮ್ಯಾಲ ಕೊಡ್ತಿದ್ದ. ನನ್ನ ಕೈಲೆ ಆಗೂದಿಲ್ಲವ್ವಾ."

ನಾನು ವಾದಿಸಿದೆ. ಸೋತೆ. ಜಲ್ಪಕ್ಕಿಳಿದೆ. ಮತ್ತೂ ಸೋತೆ. ಕೊನೆಗೆ, ನಿಜಕ್ಕೂ ಬೇಸತ್ತು, "ಚಲೋ ಯಾರರೆ ಹೊಡಿತಾರ ಬಿಡ್ರಿ. ಇನ್ನೊಬ್ಬರ ತಪ್ಪು ಇದ್ದದ್ದು ಇದ್ದಂಗ ಹೊಡಿಯೂದು ಉಸ್ತಾದಗಷ್ಟೇ ಆಗ್ತದ," ಅಂದೆ. ಮಾಮಾ ಗನ್ನನ್ನು ಎತ್ತಿ ಒರೆಸತೊಡಗಿದರು. ಮರುದಿನ ಹೋಗಿ ನೋಡುತ್ತೇನೆ, ನಮ್ಮ ಹಳೆಯ ಕಪಾಟಿನ ಬಾಗಿಲು ಬಿಚ್ಚಿ ನಿಲ್ಲಿಸಿಕೊಂಡು, ಕೆಟ್ಟದಾಗಿ ಬಣ್ಣ ಹೊಡೆಯುವುದನ್ನು ಅಭ್ಯಾಸ ಮಾಡುತ್ತಿದ್ದಾರೆ! ದೂರದಿಂದ ಹೊಡೆದರು, ಗಾಳಿ ಹೆಚ್ಚಿಸಿ ಹೊಡೆದರು, ಎಡಗೈಯಿಂದ ಹೊಡೆದರು. ಪ್ರತಿ ಸಲವೂ ಅದು ಅಂದವಾಗಿಯೇ ಬರುತ್ತಿತ್ತು. "ಥತ್, ಮತ್ತ ಚಲೋ ಆತು!" ಎಂದು ಹಣೆ ಬಡಿದುಕೊಳ್ಳುತ್ತಿದ್ದರು. ಹನ್ನೊಂದನೆಯ ಸಲ ಮೋಸಂಬಿ ಸಿಪ್ಪೆ ಮೂಡಿತು. ಮಾಮಾ ನಮ್ಮನ್ನೆಲ್ಲ ಕೂಗಿ ಕರೆದರು. "ನೋಡ್ರಿ, ಎಷ್ಟು ಹೊಲಸ ಆಗೇದ!" ಆ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ಯಾವ ಬಹುಮಾನ ವಿತರಣೆಯಲ್ಲೂ ಕಂಡಿಲ್ಲ.

ಇಷ್ಟಕ್ಕೇ ನಿಲ್ಲದೆ, ಬೇಗ ಒಣಗುವ ಈಗಿನ ಬಣ್ಣ ಬೇಡ, ಹಳೆಯ ಕಾಲದ ನಿಧಾನ ಒಣಗುವ ಬಣ್ಣವೇ ಬೇಕು ಎಂದು ಹಟ ಹಿಡಿದವಳೂ ನಾನೇ. ಇದನ್ನು ನೆನಪಿಡಿ.

ಕಾರನ್ನು ನಮ್ಮ ಬೇದಾಣಿ ಶೆಡ್ಡಿನಲ್ಲಿ ನಿಲ್ಲಿಸಿದೆವು. ಬೇದಾಣಿ ಅಂದರೆ ಒಣದ್ರಾಕ್ಷಿ. ಬೇಸಿಗೆಯಲ್ಲಿ ಒಣಗಿಸಿ ಮುಗಿದ ಮೇಲೆ ಶೆಡ್ಡು ಖಾಲಿ, ಸುತ್ತ ಹಸಿರು ಬಲೆ. ಆ ಬಲೆಯೊಳಗೆ ಮೊದಲ ಕೈ ಹೊಡೆದಾಗ ಕಾಕಾ ಇಣುಕಿ ನೋಡಿ, "ಹಸರ ಆಗೇದಲ್ಲೋ!" ಎಂದು ಅರಚಿದ. ಮಾಮಾ ತಿರುಗಿಯೂ ನೋಡದೆ, "ಮಲ್ಲಪ್ಪ, ಹೊರಗ ನಡೀರಿ. ಇಲ್ಲಿ ನೀವೂ ಹಸರ ಕಾಣಾಕತ್ತೀರಿ," ಅಂದರು.

ಆಷಾಢದಲ್ಲಿ ಜತ್ತಿನ ಗಾಳಿ ಹೇಗಿರುತ್ತದೆ ಎಂದು ಗೊತ್ತಿಲ್ಲದವರಿಗೆ ಹೇಳಬೇಕು: ಅದು ಬೀಸುವುದಿಲ್ಲ, ಮಣ್ಣನ್ನು ಊರಿಂದೂರಿಗೆ ವರ್ಗ ಮಾಡುತ್ತದೆ. ಪಕ್ಕದೂರು ಬೆಳುಂಕಿಯ ಹೊಲ ನಮ್ಮ ಅಂಗಳದಲ್ಲಿ, ನಮ್ಮ ಅಂಗಳ ಇನ್ನೆಲ್ಲೋ. ಹಸಿ ಬಣ್ಣಕ್ಕೆ ಒಂದು ಕಣ ಮಣ್ಣು ಬಿದ್ದರೂ ಕೆಲಸ ಕೆಟ್ಟಿತು. ಮಾಮಾ ನೆಲಕ್ಕೆ ನೀರು ಹೊಡೆದು, "ಹಳೇ ಇಳಕಲ್ ಸೀರಿ ಕೊಡ್ರಿ, ದಪ್ಪಗ ಇದ್ದಾವು," ಎಂದು ಆಯಿಯ ಎಂಟು ಸೀರೆಗಳನ್ನು ತರಿಸಿ, ನೆನೆಸಿ, ಬಲೆಯ ಸುತ್ತ ಕಟ್ಟಿದರು. ಗಾಳಿ ಒಳಗೆ ಬರುತ್ತಿತ್ತು, ಮಣ್ಣು ಸೀರೆಗೆ ಅಂಟಿಕೊಳ್ಳುತ್ತಿತ್ತು. ಆಯಿಯ ಮದುವೆಯಿಂದ ಮೊಮ್ಮಕ್ಕಳ ಜವಳದವರೆಗಿನ ಎಂಟು ಸೀರೆಗಳ ನಡುವೆ ಕಾರು ಮದುಮಗಳಂತೆ ನಿಂತಿತ್ತು. ಕೊನೆಯ ಕೈ ಮುಗಿದಾಗ ದೇಶಪಾಂಡೆ ಸರ್ ಬರಲು ಒಂದೇ ದಿನ ಉಳಿದಿತ್ತು. ಗಿಣ್ಣದ ಬಣ್ಣ, ಮೋಸಂಬಿ ಸಿಪ್ಪೆ, ಡಿಕ್ಕಿಯ ಮೂಲೆಯಲ್ಲಿ ಬೇಕೆಂದೇ ಬಿಟ್ಟ ಒಂದು ಹನಿ. ಗೆದ್ದೆ ಎಂದುಕೊಂಡೆ. ಮಾಮಾ ಕೈ ತೊಳೆಯಲು ಹೋದರು, ನಾನು ಚಹಾ ತರಲು ಹೋದೆ.

ಅಷ್ಟರಲ್ಲಿ ಆಯಿ ತನ್ನ ಸೀರೆಗಳು ಏನಾದವೋ ನೋಡಲು ಶೆಡ್ಡಿಗೆ ಬಂದಿದ್ದಳು.

ಚಹಾದ ತಾಟು ಹಿಡಿದು ಬಂದ ನಾನು ಕಂಡದ್ದು ಇಷ್ಟು: ಹೊಸ ಬಾನೆಟ್ಟಿನ ನಟ್ಟನಡುವೆ, ಹಸಿ ಬಣ್ಣದಲ್ಲಿ, ಮೂರು ಬೆರಳುಗಳ ಮೂರು ಗೆರೆ. ಅಂಚುಗಳು ಉಬ್ಬಿ ನಿಂತಿವೆ. ಒಳಗೆ ವಿಭೂತಿ ಅಂಟಿದೆ. ಆಯಿ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದಾಳೆ, ಮೂರು ಬೆರಳಿಗೂ ಗಿಣ್ಣದ ಬಣ್ಣ.

"ಆಯಿ! ಏನ ಮಾಡಿದೆ ಇದು?"

"ಏನ ಮಾಡ್ಲಿ? ಹೊಸಾ ಬಣ್ಣದ ಗಾಡಿ ಬೋಳ ಹಣಿಲೆ ನಿಂದ್ರಸೀರಿ. ವಿಭೂತಿ ಹಚ್ಚಿದೆ."

ಹಿಂದೆ ಬಂದ ಮಾಮಾ ನೋಡಿದರು. ಕೂಗುತ್ತಾರೆ ಎಂದುಕೊಂಡೆ. ಅವರು ಕಂಬ ಹಿಡಿದುಕೊಂಡರು, ಆಮೇಲೆ ಕೂತರು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅವ್ವಾರ, ಮತ್ತ ಅದೇ ಜಾಗಾಕ್ಕ!"

ಆಯಿಯೂ ಬೆರಳು ನೋಡಿಕೊಂಡು ನಗತೊಡಗಿದಳು. "ಹೌದಲ್ಲೋ ದಸ್ತಗೀರ! ಹಿಂದಕ್ಕೂ ಹಿಂಗ ಆಗಿತ್ತು."

ಆ 'ಹಿಂದಕ್ಕೂ' ಎಂಬ ಮಾತು ನನ್ನ ಕಿವಿಯೊಳಗೆ ಹೋಗಿ ದೀಪ ಹಚ್ಚಿತು. ಚಹಾ ಆರಿತು, ಕಥೆ ಹೊರಬಂತು. ನಾಲ್ವತ್ತು ವರ್ಷದ ಹಿಂದೆ, ಕಾಕಾ ಸಾಂಗ್ಲಿಯ ಬೋರ್ಡಿಂಗಿನಲ್ಲಿ ಮರಾಠಿ ಸಾಲೆ ಓದುತ್ತಿದ್ದಾಗ, ಮುತ್ಯಾ ಊರ ಹೊರಗಿನ ತಿರುವಿನಲ್ಲಿ ಕಾರನ್ನು ಗುದ್ದಿಸಿದ್ದ.

"ನಿಮ್ಮ ಮುತ್ಯಾ ಎಮ್ಮಿಗಿ ದಾರಿ ಬಿಟ್ರು," ಆಯಿ ಅಂದಳು. "ಬೇವಿನ ಗಿಡ ಅವರಿಗೆ ದಾರಿ ಬಿಡಲಿಲ್ಲ."

ಕಂಪನಿ ಪೇಂಟಿನ ಜಂಬ ಆಗಲೇ ಕಾಕಾನ ಬಾಯಲ್ಲಿತ್ತು, ಬೋರ್ಡಿಂಗಿನ ಹುಡುಗರಿಗೆಲ್ಲ ಹೇಳಿಕೊಂಡಿದ್ದ. ಅವನು ದೀಪಾವಳಿಗೆ ಬರುವುದರೊಳಗೆ ಮಾಮಾನ ತಂದೆ ತಗಡು ಬಡಿದು ಸರಿಮಾಡಿ, ಇಡೀ ಕಾರಿಗೆ ಬಣ್ಣ ಹೊಡೆದರು. ಬಣ್ಣ ಕೂಡಿಸಿದವರು ಆಗಿನ್ನೂ ಮೀಸೆ ತಿರುವುತ್ತಿದ್ದ ನಮ್ಮ ದಸ್ತಗೀರ ಮಾಮಾ. ಒಣಗುವ ಮೊದಲೇ ಆಯಿ ವಿಭೂತಿ ಎಳೆದಳು. "ಹುಡುಗಗ ಹೇಳಬ್ಯಾಡ್ರಿ, ಮನಸಿಗೆ ಹಚ್ಕೋತಾನ," ಅಂದ ಮುತ್ಯಾ. ಹೇಳಲಿಲ್ಲ. ಒಂದು ಹುಡುಗನಿಗೆ ಒಂದು ದೀಪಾವಳಿಯ ಮಟ್ಟಿಗೆ ಮುಚ್ಚಿಟ್ಟದ್ದು ನಾಲ್ವತ್ತು ವರ್ಷ ಹಾಗೇ ಉಳಿಯಿತು.

"ನಮ್ಮಪ್ಪ ಎರಡ ಹನಿ ಕರಿ ಹಾಕಂದಿದ್ದ," ಮಾಮಾ ಕಣ್ಣೊರೆಸಿಕೊಳ್ಳುತ್ತ ಅಂದರು. "ನಾ ಮೂರು ಹಾಕಿದೆ. ಈ ಗಾಡಿ ಎಲ್ಲಿ ಕಂಡ್ರೂ ಆ ಮೂರನೇ ಹನಿ ನನ್ನ ಕಣ್ಣಾಗ ಚುಚ್ಚತಿತ್ತು. ಅದಕ್ಕ ನೀ ಕರದ ಕೂಡ್ಲೆ ಓಡಿ ಬಂದೆ ಬೇಟಾ." ಕಿಸೆಯಿಂದ ಕಡ್ಡಿಪೆಟ್ಟಿಗೆ ತೆಗೆದು ನನ್ನ ಕೈಗಿಟ್ಟರು. ಒಂದು ಚೂರನ್ನು ಅಡ್ಡ ಹಿಡಿದು ನೋಡಿದೆ: ಗಿಣ್ಣದ ಬಣ್ಣ, ನಡುವೆ ಪ್ರೈಮರಿನ ಬೂದು, ಮತ್ತೆ ಗಿಣ್ಣದ ಬಣ್ಣ. ಕಾಕಾ ಕಂಪನಿಯ ಪ್ರಸಾದ ಎಂದು ಜೋಪಾನ ಮಾಡಿದ್ದರಲ್ಲೇ ಅವನ ಸೋಲು ಪದರ ಪದರವಾಗಿ ಮಲಗಿತ್ತು.

ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ತಿಳಿಯಬೇಕು. ಇದು ತರ್ಕದ ಮೊದಲ ಪಾಠ. ನಾನು ಒಂದು ವಾರ ಹೊಗೆಯಲ್ಲೇ ಕೂತು ಕೆಮ್ಮುತ್ತ, 'ಮಣ್ಣಿನ ಗಾಳಿ ಎದ್ದದ' ಅಂದಿದ್ದೆ. ಅಂಚು ಉಬ್ಬಿದ ಗೆರೆ, ಗಾಢವಾದ ಹೊರಮೈ, ಆ ನುಣುಪು! ನಾಚಿಕೆಯಾಯಿತು. ಆದರೆ ನಾಚಿಕೆ ಅರ್ಧ ನಿಮಿಷ, ಸಂತೋಷ ಇಡೀ ಸಂಜೆ. ಏಕೆಂದರೆ ನನ್ನ ಸಿದ್ಧಾಂತ ಗೆದ್ದಿತ್ತು! ಮತ್ತೆ ಹೊಡೆದ ಬಣ್ಣವನ್ನು ಕಾಕಾ 'ಕತ್ತಲಾಗ ಮೂಸಿ' ನಾಲ್ವತ್ತು ವರ್ಷ ಕಂಪನಿ ಪೇಂಟು ಅಂದಿದ್ದ. ಇದಕ್ಕಿಂತ ಒಳ್ಳೆಯ ಪುರಾವೆ ಯಾವ ವಕೀಲನಿಗೆ ಸಿಕ್ಕಿದೆ? ಸರ್ ಏನೇ ಹೇಳಲಿ, ನಾಳೆ ಕಡ್ಡಿಪೆಟ್ಟಿಗೆ ತೆರೆದರೆ ಮುಗಿಯಿತು. ಮೊದಲು ಇದು ಒಣಗಬೇಕು, ಆಮೇಲೆ ಗೆರೆಗಳನ್ನು ತಿಕ್ಕಿ ಮತ್ತೆ ಹೊಡೆಯಬೇಕು, ಎರಡು ದಿನವಾದರೂ ಬೇಕು ಎಂದರು ಮಾಮಾ. "ವಿಭೂತಿ ಅಳಸ್ತೀರೇನು?" ಎಂದಳು ಆಯಿ. ಬಿಟ್ಟೆವು. ನಾನು ಕನ್ನಡಿಯ ಮುಂದೆ ನಿಂತು ಭಾಷಣ ತಯಾರಿಸಿದೆ. ಎಲ್ಲಿ ನಿಲ್ಲಬೇಕು, ಎಲ್ಲಿ ಕಡ್ಡಿಪೆಟ್ಟಿಗೆ ಅಲ್ಲಾಡಿಸಬೇಕು, ಎಲ್ಲ.

ಬೆಳಗ್ಗೆ ಸರ್ ಬಂದರು. ಅಥಣಿಯ ತಾಯಿಯ ಮಗ, ಆದ್ದರಿಂದ ಕನ್ನಡ ಬರುತ್ತದೆ. ಚಹಾ ಕುಡಿಯುವ ಮೊದಲೇ ಕಾರಿನ ಸುತ್ತ ನಡೆದರು. ರಬ್ಬರಿನ ಅಂಚು ಎತ್ತಿ ನೋಡಿದರು. ಅಯಸ್ಕಾಂತ ಬಾಗಿಲಿಗೆ ಟಕ್ ಎಂದು ಅಂಟಿತು, ಮಡಗಾರ್ಡಿಗೆ ಟಕ್. ಡಿಕ್ಕಿ ತೆರೆದು ಆ ಹನಿಯನ್ನು ನೋಡಿ ನಕ್ಕರು, ಹಳೆಯ ಗೆಳೆಯನನ್ನು ಕಂಡಂತೆ. ಸಿಪ್ಪೆಯ ಗುಳಿಗಳ ಮೇಲೆ ಅಂಗೈ ಆಡಿಸಿದರು. "ವಾ! ಇಷ್ಟು ಚಂದ ಉಳದಿದ್ದು ನಾ ನೋಡಿಲ್ಲ," ಅಂದರು. ಶೆಡ್ಡಿನ ಮೂಲೆಯಲ್ಲಿ ಮಾಮಾ ಉಸಿರು ಬಿಟ್ಟರು. ಸ್ಟೇರಿಂಗ್ ನನ್ನ ಅಂಗೈಯಲ್ಲಿ ತಿರುಗತೊಡಗಿತು. ಆಮೇಲೆ ಸರ್ ಬಾನೆಟ್ಟಿಗೆ ಬಂದರು. ಬಾಗಿದರು.

"ಇವೇನ್ರಿ ಮೂರು ಗೆರಿ? ಕಂಪನಿಯವರೇನು ವಿಭೂತಿ ಹಚ್ಚಿ ಕಳಸ್ತಿದ್ದಿಲ್ಲಲ್ಲ."

ನಾನು ಕಡ್ಡಿಪೆಟ್ಟಿಗೆಗೆ ಕೈ ಹಾಕಿದೆ. ಆದರೆ ಬಾಯಿ ತೆರೆದವನು ಕಾಕಾ. ನೆನಪಿರಲಿ, 'ಮತ್ತೆ ಹೊಡೆಸಿದ್ದು' ಎಂದು ಸಿಕ್ಕಿಬಿದ್ದರೆ ಗೆಲ್ಲಬೇಕಾದವನು ಅವನು. ಅದನ್ನೆಲ್ಲ ಮರೆತು ಮುಂದೆ ನುಗ್ಗಿದ.

"ಅವು ಮೊದಲಿಂದ ಅದಾವರಿ! ನಾ ಸಾಲ್ಯಾಗಿದ್ದಾಗಿಂದ. ಅವು ಅಸಲ ಕಂಪನಿವು!"

"ಹಳೇ ಬಣ್ಣದಾಗೂ ಹಿಂಗ ಉಬ್ಬಿದ್ದವೇನು?"

"ಹೂಂ ಮತ್ತ! ಬಟ್ಟಿಗೆ ತಟ್ಟತಿದ್ದವು. ನಮ್ಮಪ್ಪ ನನ್ನ ಕೈ ಹಿಡದು ತೋರಿಸಿದ್ದ. ದಸರಾದ ವಿಭೂತಿ ಅಂತ." ಕಾಕಾ ಹೊಸ ಗೆರೆಗಳ ಮೇಲೆ ಬೆರಳಿಟ್ಟ. ಐವತ್ತೈದರ ಮನುಷ್ಯ, ಬೋರ್ಡಿಂಗಿನಿಂದ ರಜೆಗೆ ಬಂದ ಹುಡುಗನ ಹಾಗೆ ಬೆರಳಾಡಿಸುತ್ತಿದ್ದ. "ನಿನ್ನೆ ಬಣ್ಣ ಹೊಡಿಯೂ ಮುಂದ ನನಗ ಇದೊಂದೇ ಚಿಂತಿ ಇತ್ತರಿ, ಇವು ಹೋಗ್ತಾವು ಅಂತ. ನೋಡ್ರಿ, ಹೋಗಿಲ್ಲ."

ಬಣ್ಣ ಹೊಡೆದದ್ದನ್ನು ತಾನೇ ಒದರಿಬಿಟ್ಟದ್ದು ಅವನಿಗೆ ಗೊತ್ತೇ ಆಗಲಿಲ್ಲ. ಸರ್ ಮಾತ್ರ ಗೆರೆಯನ್ನು ನೋಡಿದರು, ಮಾಮಾನನ್ನು ನೋಡಿದರು, ಅವರ ಹುಬ್ಬು ನಿಧಾನ ಮೇಲೇರಿತು. ಆ ಹುಬ್ಬಿನ ಹಿಂದೆ ನಡೆಯುತ್ತಿದ್ದ ತರ್ಕ ನನಗೆ ಅಕ್ಷರ ಅಕ್ಷರವಾಗಿ ಕೇಳಿಸುತ್ತಿತ್ತು: ಎಲ್ಲಿ ಉಬ್ಬಿದ ಗೆರೆಯೋ ಅಲ್ಲಿ ಹಸಿ ಬಣ್ಣ, ಕಂಪನಿಯ ಬಣ್ಣ ಹಸಿಯಾಗಿ ಸೊರಡಿಗೆ ಬಂದಿರಲಾರದು, ಆದ್ದರಿಂದ…

"ಅಂದ್ರ ಮಲ್ಲಪ್ಪ, ಆ ಮೊದಲಿನ ಪೇಂಟ್ ಸುದ್ದಾ…"

"ಸರ್!" ಅಂದೆ ನಾನು. ಎಷ್ಟು ಜೋರಾಗಿ ಅಂದರೆ ಸೀರೆಗಳ ಹಿಂದಿನ ಕೋಳಿ ಹಾರಿತು. "ರೀಪೇಂಟ್ ಐತ್ರಿ ಇದು. ಮೊನ್ನೆ ಮೊನ್ನೆ ಹೊಡಸಿದ್ದು. ನೀವು ಬರೋಬ್ಬರಿ ಹಿಡದೀರಿ. ನಾ ಸೋತೆ."

ಕಾಕಾ ನನ್ನ ಹಣೆ ಮುಟ್ಟಿ ನೋಡಿದ, ಜ್ವರವಿದೆಯೇ ಎಂದು. ಸರ್ ನನ್ನನ್ನೊಮ್ಮೆ, ಮುಷ್ಟಿಯಲ್ಲಿದ್ದ ಕಡ್ಡಿಪೆಟ್ಟಿಗೆಯನ್ನೊಮ್ಮೆ ನೋಡಿ, ಅಯಸ್ಕಾಂತವನ್ನು ಕರವಸ್ತ್ರದಲ್ಲಿ ಸುತ್ತಿ ಕಿಸೆಗಿಟ್ಟರು. "ಆಯೀ, ಚಹಾ ಎಲ್ಲಿ?" ಅಂದರು. ಹೊರಡುವಾಗ ಮಾತ್ರ ಕಿಟಕಿಯಿಂದ ಮೆಲ್ಲಗೆ, "ಹಳೇ ಪೇಂಟಿಗೆ ಎಷ್ಟು ಪದರ ಇದ್ದವವ್ವಾ?" ಎಂದು ಕೇಳಿದರು. ಶ್ರಾವಣ ಹುಟ್ಟಲು ಇನ್ನೂ ಎರಡು ದಿನವಿತ್ತು. ನಾನು ಅಲ್ಲಿಂದಲೇ ಶುರುಮಾಡಿದೆ.

ಯಾಕೆ ಹಾಗೆ ಮಾಡಿದೆ ಎಂದು ಕೇಳಬೇಡಿ. ಕೇಳಿದರೂ ಶ್ರಾವಣ ಮುಗಿಯುವವರೆಗೆ ಹೇಳುವಂತಿಲ್ಲ. ಇಷ್ಟು ಮಾತ್ರ ಬರೆಯಬಲ್ಲೆ: ಸತ್ಯಕ್ಕಾಗಿ ಆಡುವ ವಾದದಲ್ಲಿ ನಾನು ಅವತ್ತು ಗೆದ್ದೆ, ಮತ್ತು ಅದು ನನಗೊಬ್ಬಳಿಗೆ ಗೊತ್ತಾದರೆ ಸಾಕು ಅನ್ನಿಸಿತು. ಹೀಗೆ ಅನ್ನಿಸಿದ್ದು ಜೀವನದಲ್ಲಿ ಮೊದಲ ಸಲ, ಚಟವಾಗದಿರಲಿ. ಇನ್ನೊಂದು ತಮಾಷೆ ನೋಡಿ. ಮೂರನೆಯ ಹನಿ ಬೀಳದ ಈಗಿನ ಬಣ್ಣವೇ ಕಂಪನಿಯದಕ್ಕೆ ಹೆಚ್ಚು ಹತ್ತಿರ. ಕಾಕಾನ ಕಾರು ನಾಲ್ವತ್ತು ವರ್ಷದಲ್ಲಿ ಈಗಲೇ ಅತ್ಯಂತ ಅಸಲಿ.

ಗುಟ್ಟನ್ನೆಲ್ಲ ಅಚ್ಚಿಗೆ ಕೊಟ್ಟು ಇದ್ಯಾವ ಮೌನ ಎಂದು ನೀವು ಹಿಡಿಯಬಹುದು. ಒಳ್ಳೆಯ ಆಕ್ಷೇಪ. ಆದರೆ ಕಾಕಾ ಕನ್ನಡವನ್ನು ನನಗೂ ಎಮ್ಮೆಗೂ ಸಾಕಾಗುವಷ್ಟು ಸೊಗಸಾಗಿ ಆಡುತ್ತಾನೆ, ಓದಲು ಬರುವುದಿಲ್ಲ. ಅವನ ಓದೆಲ್ಲ ಬೋರ್ಡಿಂಗಿನ ಮರಾಠಿ. ಕನ್ನಡ ಸಾಲೆಗೆ ಹೋದವಳು ಮನೆಯಲ್ಲಿ ನಾನೊಬ್ಬಳೇ. ಹಾಗಾಗಿ ಈ ಪುಟಗಳು ಅವನ ಮುಂದೆಯೇ ಮೇಜಿನ ಮೇಲೆ ಬಿದ್ದಿವೆ, ಮೇಲೆ ಅವನ ಕನ್ನಡಕ. ನೀವು ಯಾರೂ ದಯವಿಟ್ಟು ಮರಾಠಿಗೆ ತರಬೇಡಿ.

ಮೌನದ ನಾಲ್ಕನೆಯ ದಿನ ಕಾಕಾ ಬೀಗದ ಕೈ ತಂದು ನನ್ನ ಮುಂದಿಟ್ಟ. "ಬಾಯಿ ಇಲ್ಲದ ಡ್ರೈವರ್ ಸಿಗೂದು ಭಾಳ ಕಠಿಣ. ಶ್ರಾವಣ ಇರೂತನಕಾ ನೀನೇ ನಡಸು," ಅಂದ. ಹೀಗೆ, ಸೋತವಳಿಗೆ ಸ್ಟೇರಿಂಗ್ ಸಿಕ್ಕಿತು. ಈಗ ದಿನವೂ ಸಂಜೆ ನಾನು ನಡೆಸುತ್ತೇನೆ, ಕಾಕಾ ಪಕ್ಕದಲ್ಲಿ ಕೂತು ಮಾತಾಡುತ್ತಾನೆ. ನಿನ್ನೆ ಬೆಳುಂಕಿಯ ಚಹಾದಂಗಡಿಯ ಮುಂದೆ ನಿಲ್ಲಿಸಿಕೊಂಡು ನಾಲ್ಕು ಜನರಿಗೆ ಬಾನೆಟ್ಟು ತೋರಿಸಿದ. "ಸುಳ್ಳ ಯಾಕ ಹೇಳ್ಲಿ, ಬಣ್ಣ ನಮ್ಮ ಹುಡುಗಿ ಮೊನ್ನೆ ಹೊಡಸ್ಯಾಳ. ಆದ್ರ ಈ ಮೂರು ಗೆರಿ ನೋಡ್ರಿ, ಇವು ಮಾತ್ರ ಕಂಪನಿವು!"

ಇಡೀ ಕಾರಿನಲ್ಲಿ ಕಂಪನಿಯದರ ನಕಲೂ ಅಲ್ಲ ಎಂದು ಆಣೆ ಮಾಡಿ ಹೇಳಬಹುದಾದದ್ದು ಆ ಮೂರೇ. ನನ್ನ ನಾಲಿಗೆಯ ತುದಿಗೆ ಬಂದ ಉತ್ತರ ಅಲ್ಲೇ ನಿಂತು ಕುಣಿಯಿತು. ಮನೆಗೆ ತಿರುಗಿ ಬರುವಾಗ ಕಾಕಾ ಅದೇ ಮಾತನ್ನು ಇನ್ನೊಮ್ಮೆ ಅಂದ. ಮಾತಿಗೆ ನಿಷೇಧ, ಹಾರ್ನಿಗಿಲ್ಲವಲ್ಲ ಎಂದು ಹೊಳೆಯಿತು. ಕೈ ಎತ್ತಿದೆ. ಅಷ್ಟರಲ್ಲಿ ಊರ ಹೊರಗಿನ ತಿರುವು ಬಂತು. ನಡುರಸ್ತೆಯಲ್ಲಿ ಒಂದು ಎಮ್ಮೆ, ತನ್ನದೇ ದಾರಿ ಎಂಬಂತೆ ನಿಂತಿತ್ತು. ನಾನು ಹಾರ್ನು ಒತ್ತಲಿಲ್ಲ. ಬ್ರೇಕು ಒತ್ತಿ ಅದಕ್ಕೆ ದಾರಿ ಬಿಟ್ಟೆ. ಕಾರು ಬೇವಿನ ಮರದಿಂದ ಒಂದು ಗೇಣು ಈಚೆ ನಿಂತಿತು.